ಪ್ಯಾರಾಚೂಟ್ ಸಾಮಗ್ರಿಯ ಬಿಚ್ಚುಪಟ್ಟಿಯಾಗಿ ವೆಲ್ಕ್ರೋ: ಕರಾವಳಿಯವರಿಗೊಂದು ಪರೀಕ್ಷಾ ಮಾರ್ಗದರ್ಶಿ

ಪ್ಯಾರಾಚೂಟ್ ಜಿಗಿತದ ಸಾಮಗ್ರಿಯಲ್ಲಿ ವೆಲ್ಕ್ರೋ ಪಟ್ಟಿ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ಜಿಗಿದವರು ಗಾಳಿಯಲ್ಲಿ ಬೀಳುತ್ತಿರುವಷ್ಟು ಹೊತ್ತು ಅದು ಹಿಡಿಕೆಯನ್ನೋ ಸಣ್ಣ ಚೀಲವನ್ನೋ ಇಟ್ಟ ಜಾಗದಿಂದ ಅಲುಗದಂತೆ ಹಿಡಿದಿರಬೇಕು. ಅವರು ಕೈಹಾಕಿ ಎಳೆದ ಕ್ಷಣದಲ್ಲಿ ತಡವಿಲ್ಲದೆ ಬಿಟ್ಟುಕೊಡಬೇಕು. ಆದ್ದರಿಂದ ಪಟ್ಟಿ ಎಷ್ಟು ಗಟ್ಟಿಯಾಗಿದೆ ಎಂದು ಕೇಳಿದರೆ ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತಾಗುತ್ತದೆ. ಅದು ಅತ್ಯಂತ ಸಡಿಲವಾಗಿರುವ ಸ್ಥಿತಿಯಲ್ಲಿ ಎಷ್ಟು ಹಿಡಿಯುತ್ತದೆ, ಅತ್ಯಂತ ಬಿಗಿಯಾಗಿರುವ ಸ್ಥಿತಿಯಲ್ಲಿ ಎಷ್ಟು ಬಲಕ್ಕೆ ಬಿಡುತ್ತದೆ ಎಂಬ ಎರಡು ಅಂಕಿಗಳು ಬೇಕು. ಇಡೀ ಪರೀಕ್ಷೆಯ ಉದ್ದೇಶ ಈ ಎರಡು ತುದಿಗಳನ್ನು ಗುರುತಿಸುವುದೇ ಆಗಿದೆ.

ಮಂಗಳೂರು, ಮಣಿಪಾಲ, ಉಡುಪಿಯ ಕಡೆ ಜಿಗಿತವನ್ನು ಬೇರೆ ಊರಿನಲ್ಲಿ ಕಲಿತು ಸಾಮಗ್ರಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಗೂ, ಕಾಲೇಜಿನ ಸಾಹಸ ಸಂಘಗಳಲ್ಲಿ ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಜೋಡಣೆ) ಮತ್ತು ಚೀಲಗಳನ್ನು ನೋಡಿಕೊಳ್ಳುವ ವಿದ್ಯಾರ್ಥಿಗಳಿಗೂ ಈ ವಿಷಯ ಇನ್ನಷ್ಟು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೇ ಬಟ್ಟೆ ತಣ್ಣಗೆ ಒದ್ದೆಯಾಗಿರುವ ನಮ್ಮ ಊರಿನಲ್ಲಿ, ಒಣ ಪ್ರದೇಶದಲ್ಲಿ ತಯಾರಾದ ಅಂಕಿಗಳನ್ನು ನಂಬಿ ಕೂರುವಂತಿಲ್ಲ.

ಮೊದಲಿಗೆ ಗಡಿ ಹಾಕಿಕೊಳ್ಳಿ

ಮನುಷ್ಯನ ದೇಹದ ಭಾರ ಯಾವ ಸಂದರ್ಭದಲ್ಲಿಯೂ ವೆಲ್ಕ್ರೋದ ಮೇಲೆ ಬೀಳಕೂಡದು. ಮಲ್ಪೆ ಅಥವಾ ಪಣಂಬೂರಿನ ಕಡಲತೀರದಲ್ಲಿ ಕಾಣುವ ಪ್ಯಾರಾಸೇಲಿಂಗ್‌ನ ಎಳೆಹಗ್ಗಕ್ಕಾಗಲಿ, ಜಿಗಿತದ ಹಾರ್ನೆಸ್‌ನ ಕಾಲುಪಟ್ಟಿ ಎದೆಪಟ್ಟಿಗಳಿಗಾಗಲಿ ಇದು ಒಗ್ಗುವ ವಸ್ತುವಲ್ಲ. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಮೂರು ಬಳೆಗಳ ಬಿಡುಗಡೆ ವ್ಯವಸ್ಥೆಯನ್ನೇ ನೋಡಿ: ಮೇನ್ ಪ್ಯಾರಾಚೂಟ್ ಕೆಟ್ಟಾಗ ಅದನ್ನು ಕಳಚುವ ಆ ವ್ಯವಸ್ಥೆಯಲ್ಲಿ ಭಾರವನ್ನು ಹೊರುವುದು ಲೋಹದ ಬಳೆಗಳು, ಒಂದರೊಳಗೊಂದು ಹಾದ ಬಳೆಗಳು ಭಾರವನ್ನು ಹಂತಹಂತವಾಗಿ ತಗ್ಗಿಸಿ ಕೊನೆಗೆ ಒಂದು ಸಣ್ಣ ಕುಣಿಕೆಗೂ ಅದರೊಳಗೆ ತೂರಿದ ಕೇಬಲ್‌ಗೂ ಒಪ್ಪಿಸುತ್ತವೆ. ವೆಲ್ಕ್ರೋ ಅಲ್ಲಿ ಮಾಡುವುದು ಆ ಕೇಬಲ್‌ನ ಹಿಡಿಕೆಯನ್ನು ಹಾರ್ನೆಸ್‌ನ ಮೇಲೆ ಅದರ ಜಾಗದಲ್ಲಿ ನಿಲ್ಲಿಸುವ ಕೆಲಸವನ್ನು ಮಾತ್ರ.

ಎರಡನೆಯ ಗಡಿ ಇನ್ನೂ ಕಟ್ಟುನಿಟ್ಟಾದುದು. ಕಟ್‌ಅವೇ ಹಿಡಿಕೆ (ಕೆಟ್ಟ ಮೇನ್ ಪ್ಯಾರಾಚೂಟನ್ನು ಕಳಚುವುದು), ರಿಸರ್ವ್ ಹಿಡಿಕೆ (ಮೀಸಲು ಪ್ಯಾರಾಚೂಟನ್ನು ತೆರೆಯುವುದು), ರೈಸರ್ (ಹಾರ್ನೆಸ್ಸನ್ನು ಪ್ಯಾರಾಚೂಟಿನ ಹಗ್ಗಗಳಿಗೆ ಸೇರಿಸುವ ಪಟ್ಟಿ) ಮತ್ತು ಬ್ರೇಕ್ ಟಾಗಲ್‌ಗಳಲ್ಲಿರುವ (ಪ್ಯಾರಾಚೂಟನ್ನು ತಿರುಗಿಸಲು, ನಿಧಾನಿಸಲು ಎಳೆಯುವ ಹಿಡಿಕೆಗಳು) ಪಟ್ಟಿಯನ್ನು ತಯಾರಕರ ಲಿಖಿತ ಒಪ್ಪಿಗೆಯಿಲ್ಲದೆ, ಅರ್ಹ ರಿಗ್ಗರ್ (ಪ್ಯಾರಾಚೂಟ್ ಮಡಿಸಿ, ಪರಿಶೀಲಿಸಿ, ದುರಸ್ತಿ ಮಾಡುವ ತಜ್ಞ) ಅಲ್ಲದವರು ಬದಲಿಸಬಾರದು. ನಿಮ್ಮ ಪರೀಕ್ಷೆ ಎಷ್ಟೇ ಚೆನ್ನಾಗಿ ನಡೆದಿದ್ದರೂ ಆ ಭಾಗಗಳ ವಿಷಯದಲ್ಲಿ ಅದು ರಿಗ್ಗರ್ ಮುಂದಿಡುವ ಮಾಹಿತಿಯಾಗುತ್ತದೆಯೇ ಹೊರತು ಅನುಮತಿಯಾಗುವುದಿಲ್ಲ. ನೀವೇ ಹೊಲಿದು ಪರೀಕ್ಷಿಸಿ ಬಳಸಬಹುದಾದುದು ಎತ್ತರ ತೋರಿಸುವ ಆಲ್ಟಿಮೀಟರ್‌ನ ಕೈಪಟ್ಟಿ, ಧ್ವಜದ ಚೀಲದ ಮುಚ್ಚಳ, ಚಾಕುವಿನ ಒರೆಯಂಥ ಪೂರಕ ವಸ್ತುಗಳಿಗೆ ಮಾತ್ರ. ಅವನ್ನೂ ರಿಗ್ಗರ್‌ಗೆ ತೋರಿಸಿದ ಮೇಲೆ.

ಬಲದ ಲೆಕ್ಕ

ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಕಾಗದದ ಮೇಲೆ ಎರಡು ಗೆರೆಗಳನ್ನು ಎಳೆಯಬೇಕು. ಮೇಲಿನ ಗೆರೆ ಕೈಯ ಶಕ್ತಿಗೆ ಸಂಬಂಧಿಸಿದ್ದು. ಅಮೆರಿಕದ ಪ್ಯಾರಾಚೂಟ್ ಮಾನದಂಡಗಳ ಪ್ರಕಾರ ರಿಪ್‌ಕಾರ್ಡ್ (ಪ್ಯಾರಾಚೂಟನ್ನು ತೆರೆಯುವ ಹಿಡಿಕೆ ಮತ್ತು ಕೇಬಲ್) ಎಳೆಯಲು ಬೇಕಾಗುವ ಬಲ 22 ಪೌಂಡನ್ನು, ಅಂದರೆ ಸುಮಾರು 98 ನ್ಯೂಟನ್ ಅಥವಾ 10 ಕೆ.ಜಿ. ಭಾರವನ್ನು ಮೀರಬಾರದು, 5 ಪೌಂಡಿಗಿಂತ, ಅಂದರೆ ಸುಮಾರು 22 ನ್ಯೂಟನ್‌ಗಿಂತ ಕಡಿಮೆಯೂ ಇರಬಾರದು. ಇದು ಕೇಬಲ್, ಪಿನ್, ಹಿಡಿಕೆ ಎಲ್ಲ ಸೇರಿದ ಮೊತ್ತವಾದ್ದರಿಂದ ವೆಲ್ಕ್ರೋದ ಪಾಲು ಇದರಲ್ಲಿ ಸಣ್ಣ ಭಾಗವಾಗಿರಬೇಕು. ಪೂರಕ ವಸ್ತುವಿಗೂ ಇದೇ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೆಳಗಿನ ಗೆರೆ ಗಾಳಿಗೆ ಸಂಬಂಧಿಸಿದ್ದು. ಹೊಟ್ಟೆ ಕೆಳಗಾಗಿ ಬೀಳುವ ವ್ಯಕ್ತಿಯ ವೇಗ ಗಂಟೆಗೆ ಸುಮಾರು 200 ಕಿ.ಮೀ. ಎಂದು ಇಟ್ಟುಕೊಂಡರೆ ಅದು ಸೆಕೆಂಡಿಗೆ 55 ಮೀಟರಿಗಿಂತ ಸ್ವಲ್ಪ ಹೆಚ್ಚು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ. ಎಂದು ಹಿಡಿದು, ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 1,850 ನ್ಯೂಟನ್ ಒತ್ತಡ ಸಿಗುತ್ತದೆ. 5 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಮುಚ್ಚಳವೊಂದು ಈ ಗಾಳಿಗೆ ಪೂರ್ತಿ ಎದುರಾದರೆ ಅದರ ಮೇಲೆ ಬೀಳುವ ಬಲ ಸುಮಾರು 7.4 ನ್ಯೂಟನ್. ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಆಗ ಈ ಲೆಕ್ಕ ತಪ್ಪುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಸ್ಥಿರ ವೇಗಕ್ಕೆ ಬಂದ ಮೇಲೆ ಗಾಳಿಯ ತಡೆ ದೇಹದ ತೂಕಕ್ಕೆ ಸಮನಾಗಿರುವುದರಿಂದ, ಗಾಳಿ ತೆಳುವಾದಷ್ಟೂ ವೇಗ ಹೆಚ್ಚಿ ಒತ್ತಡ ಹಾಗೆಯೇ ಉಳಿಯುತ್ತದೆ. ಲೆಕ್ಕ ಎತ್ತರಕ್ಕೆ ತಕ್ಕಂತೆ ಬದಲಾಗುವುದಿಲ್ಲ.

ಪ್ಯಾರಾಚೂಟ್ ತೆರೆದುಕೊಳ್ಳುವಾಗಿನ ಹೊಡೆತವನ್ನೂ ನೋಡಬೇಕು. 60 ಗ್ರಾಂ ತೂಗುವ ಹಿಡಿಕೆಯೊಂದಕ್ಕೆ ಗುರುತ್ವದ ಹತ್ತು ಪಟ್ಟು ಜಗ್ಗಾಟ ಬಿದ್ದರೆ ಅದು ಸುಮಾರು 5.9 ನ್ಯೂಟನ್. ಗಾಳಿ ಮತ್ತು ಹೊಡೆತ ಇವೆರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಒಂದೂವರೆ ಪಟ್ಟು ಮಾಡಿ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 11 ನ್ಯೂಟನ್ ಆಗುತ್ತದೆ, ಅದೇ ನಿಮ್ಮ ಕೆಳಗಿನ ಗೆರೆ.

ಎಳೆಯುವ ದಿಕ್ಕು

ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ರೋಮಕ್ಕೂ ಅಂಟಿಕೊಂಡ ಕಾಡುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಪಟ್ಟಿಯ ಕಲ್ಪನೆಗೆ ಬಂದರು. ನಮ್ಮ ಬಯಲಿನಲ್ಲಿ ನಡೆದು ಬಂದವರ ಪಂಚೆಯ ಅಂಚಿಗೆ ಹತ್ತುವ ಮುಳ್ಳುಕಾಯಿಯಂತೆಯೇ ಇದೂ ಅಡ್ಡಕ್ಕೆ ಎಳೆದರೆ ಬಿಡುವುದಿಲ್ಲ, ಒಂದು ತುದಿಯಿಂದ ಎತ್ತುತ್ತ ಬಂದರೆ ಒಂದೊಂದೇ ಕೊಕ್ಕೆ ಬಿಟ್ಟುಕೊಡುತ್ತದೆ. ಅಡ್ಡ ಎಳೆತವನ್ನು ಜಾರಿಕೆ ಎಂದೂ ಅಂಚಿನಿಂದ ಎತ್ತುವುದನ್ನು ಸುಲಿತ ಎಂದೂ ಇಲ್ಲಿ ಕರೆಯುತ್ತೇನೆ. ಪ್ರಯೋಗಾಲಯದವರು ಸುಲಿತಕ್ಕೆ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಡಿ 5170, ಜಾರಿಕೆಗೆ ಎಎಸ್‌ಟಿಎಂ ಡಿ 5169 ಎಂಬ ವಿಧಾನಗಳನ್ನು ಅನುಸರಿಸುತ್ತಾರೆ.

ವಿನ್ಯಾಸ ಮಾಡುವವರು ನೆನಪಿಡಬೇಕಾದ ಸಂಗತಿ ಇಲ್ಲಿದೆ. ಜಾರಿಕೆಯಲ್ಲಿ ಇಡೀ ಮೇಲ್ಮೈಯ ಕೊಕ್ಕೆಗಳು ಒಟ್ಟಿಗೆ ದುಡಿಯುತ್ತವೆ, ಆದ್ದರಿಂದ ಉದ್ದ ಮತ್ತು ಅಗಲ ಎರಡೂ ಲೆಕ್ಕಕ್ಕೆ ಬರುತ್ತವೆ. ಸುಲಿತದಲ್ಲಿ ಆ ಕ್ಷಣಕ್ಕೆ ಬಿಚ್ಚುತ್ತಿರುವ ಸಾಲಿನ ಕೊಕ್ಕೆಗಳು ಮಾತ್ರ ಎದುರಾಗುವುದರಿಂದ ಅಗಲವಷ್ಟೇ ಲೆಕ್ಕಕ್ಕೆ ಬರುತ್ತದೆ. ಪಟ್ಟಿ ಎಷ್ಟು ಉದ್ದವಿದ್ದರೂ ಸುಲಿತದ ಬಲ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಿಡಿತ ಕಡಿಮೆಯಾಗದೆ ಕೈಗೆ ಸುಲಭವಾಗಿ ಬಿಡಬೇಕೆಂದರೆ ಪಟ್ಟಿಯನ್ನು ಕಿರಿದಾಗಿ, ಉದ್ದವಾಗಿ ಹೊಲಿಯಬೇಕು. ಸಡಿಲವೆನಿಸಿತೆಂದು ಅಗಲ ಹೆಚ್ಚಿಸಿದರೆ ತುರ್ತಿನಲ್ಲಿ ಎಳೆಯುವವರ ಕೈಗೇ ಭಾರ ಹೆಚ್ಚುತ್ತದೆ.

ಇನ್ನೊಂದು ಬಲೆ ಹಿಡಿಕೆಯ ಬಿರುಸಿನಲ್ಲಿದೆ. ಹಿಡಿಕೆಯೊಳಗೆ ಗಟ್ಟಿ ಪ್ಲಾಸ್ಟಿಕ್ ತುಂಡು ಇಟ್ಟಿದ್ದರೆ ಅದು ಬಾಗುವುದಿಲ್ಲ; ಅಂಚಿನಿಂದ ಸುಲಿಯುವ ಬದಲು ಇಡೀ ಮೇಲ್ಮೈ ಒಮ್ಮೆಲೇ ಎದ್ದು ಬರಬೇಕಾಗುತ್ತದೆ, ಬಲ ಒಮ್ಮೆಗೇ ಏರುತ್ತದೆ. ಮೆತ್ತನೆಯ ಪಟ್ಟಿಯ ತುಂಡನ್ನು ಪರೀಕ್ಷಿಸಿ ಗಟ್ಟಿ ಹಿಡಿಕೆಗೆ ಆ ಅಂಕಿಯನ್ನು ಅನ್ವಯಿಸುವುದು ಸಲ್ಲದು.

ಪಟ್ಟಿ ಕೊಳ್ಳುವುದು, ಹೊಲಿಯುವುದು

ಹಂಪನಕಟ್ಟೆಯ ಅಥವಾ ಉಡುಪಿ ರಥಬೀದಿಯ ಆಸುಪಾಸಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಟ್ಟಿ ಅಭ್ಯಾಸಕ್ಕೆ ಸಾಕು. ನಿಜವಾದ ಬಳಕೆಗೆ ತಯಾರಕರ ಹೆಸರು, ವಸ್ತು, ತಯಾರಿಕೆಯ ಬ್ಯಾಚ್ ಸಂಖ್ಯೆ ನಮೂದಾಗಿರುವ ಸುರುಳಿಯನ್ನೇ ತರಿಸಿ, ಕೊಕ್ಕೆ ಬದಿ (ಒರಟಾದದ್ದು) ಮತ್ತು ಅದು ಸಿಕ್ಕಿಕೊಳ್ಳುವ ಕುಣಿಕೆ ಬದಿ (ಮೆತ್ತನೆಯದು) ಎರಡನ್ನೂ ಒಬ್ಬರೇ ತಯಾರಕರಿಂದ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಅಂಟು ಇರುವ ಪಟ್ಟಿ ಬೇಡ; ಬಿಸಿಲಿಗೆ ಅಂಟು ಮೆತ್ತಗಾಗಿ ಪಟ್ಟಿಯೇ ಜಾರುತ್ತದೆ, ಸೂಜಿಗೂ ಮೆತ್ತಿಕೊಳ್ಳುತ್ತದೆ.

ನೈಲಾನ್ ಅಥವಾ ಪಾಲಿಯೆಸ್ಟರ್ ಎಂಬ ಆಯ್ಕೆ ಕರಾವಳಿಯಲ್ಲಿ ಸಣ್ಣ ಮಾತಲ್ಲ. ನೈಲಾನ್ ಸಾಮಾನ್ಯ ತೇವದಲ್ಲಿಯೇ ತನ್ನ ತೂಕದ ಸುಮಾರು ನೂರಕ್ಕೆ ನಾಲ್ಕರಷ್ಟು ನೀರನ್ನು ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಹೀರುವುದು ನೂರಕ್ಕೆ ಅರ್ಧಕ್ಕಿಂತ ಕಡಿಮೆ. ನೀರು ಹೀರಿದ ನೈಲಾನ್ ಕೊಕ್ಕೆ ಮೆತ್ತಗಾಗಿ ಬೇಗ ಬಾಗುತ್ತದೆ. ಒಣಗಿದ ದಿನದಲ್ಲಿ ನೈಲಾನ್ ಚೆನ್ನಾಗಿ ಹಿಡಿಯುತ್ತದೆ, ಬಹಳ ಸಲ ಬಿಚ್ಚಿ ಹಾಕಿದರೂ ಬಾಳುತ್ತದೆ. ಆದ್ದರಿಂದ ಎರಡನ್ನೂ ಪರೀಕ್ಷೆಗೆ ಇಟ್ಟುಕೊಂಡು ನೋಡಿಯೇ ತೀರ್ಮಾನಿಸಿ.

ಹೊಲಿಗೆ ಅಂಚಿನಿಂದ 2–3 ಮಿ.ಮೀ. ಒಳಗೆ ಸುತ್ತಲೂ ಬರಲಿ. ನಡುವೆ ಅನಗತ್ಯವಾಗಿ ಗೀಟು ಹೊಲಿಗೆ ಹಾಕಿದರೆ ಸೂಜಿ ಹಾದ ಕಡೆಯ ಕೊಕ್ಕೆಗಳು ಸಾಯುತ್ತವೆ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಏಕೆಂದರೆ ಚೂಪು ಮೂಲೆಯೇ ಮೊದಲು ಏಳುವುದು. ಬಿಚ್ಚುವ ಅಂಚು ಬೀಳುವ ದಿಕ್ಕಿನ ಗಾಳಿಗೆ ಬೆನ್ನು ಹಾಕಿರಲಿ.

ಮಾದರಿಗಳ ತಯಾರಿ

25 ಮಿ.ಮೀ. ಅಗಲದ, 100 ಮಿ.ಮೀ. ಉದ್ದಕ್ಕೆ ಒಂದಕ್ಕೊಂದು ಹಿಡಿದುಕೊಳ್ಳುವ ಜೋಡಿಗಳನ್ನು ಸುಲಿತಕ್ಕೆ ಕತ್ತರಿಸಿ; ಎರಡೂ ಕಡೆ ಹಿಡಿಯಲು 50 ಮಿ.ಮೀ. ಬಾಲ ಬಿಡಿ. ಜಾರಿಕೆಗೆ 25 ಮಿ.ಮೀ. ಚದರದಷ್ಟು ಹೊಂದಿಕೆ ಸಾಕು. ಪ್ರತಿ ಸ್ಥಿತಿಗೆ ಕನಿಷ್ಠ ಹತ್ತು ಜೋಡಿ ಬೇಕು, ಪ್ರತಿಯೊಂದರ ಬಾಲದ ಮೇಲೆ ಅಳಿಯದ ಶಾಯಿಯಲ್ಲಿ ಸಂಖ್ಯೆ ಬರೆದಿರಬೇಕು.

ಆಮೇಲೆ ಅವನ್ನು ಒಂದೇ ತೇವಕ್ಕೆ ತರಬೇಕು. ಭಾರತದ ಬಟ್ಟೆ ಪರೀಕ್ಷೆಯ ರೂಢಿಯ ವಾತಾವರಣ 27 ಡಿಗ್ರಿ ಸೆಲ್ಸಿಯಸ್, ಶೇ. 65 ಆರ್ದ್ರತೆ. ಸುರತ್ಕಲ್ ಅಥವಾ ಮಣಿಪಾಲದ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರನ್ನು ಕೇಳಿ ನಿಯಂತ್ರಿತ ಕೋಣೆ ಮತ್ತು ಎಳೆತದ ಯಂತ್ರ ಸಿಗುವುದೇ ಎಂದು ನೋಡಬಹುದು. ಮನೆಯಲ್ಲಿ ಮಾಡುವವರಿಗೆ ಅಡುಗೆ ಉಪ್ಪೇ ದಾರಿ: ಅಗಲ ಬಾಯಿಯ ಬಟ್ಟಲಿನಲ್ಲಿ ಉಪ್ಪು ಕರಗದೆ ತಳದಲ್ಲಿ ಉಳಿಯುವಷ್ಟು ಹಾಕಿ ನೀರಿನಲ್ಲಿ ಕಲಸಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾದರಿಗಳ ಜೊತೆ ಮುಚ್ಚಿದರೆ ಡಬ್ಬಿಯೊಳಗಿನ ಆರ್ದ್ರತೆ ಶೇ. 75ರ ಹತ್ತಿರ ನಿಲ್ಲುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೂ, ಜನವರಿಯ ಒಣ ಗಾಳಿ ಬೀಸುತ್ತಿದ್ದರೂ ಅದು ಅಲ್ಲೇ ಇರುತ್ತದೆ. ಮಾದರಿಗೆ ಉಪ್ಪುನೀರು ತಾಗದಂತೆ ಜಾಲರಿಯ ಮೇಲಿಟ್ಟು 24 ಗಂಟೆ ಬಿಡಿ. ಜೂನ್‌ನಲ್ಲಿ ಪರೀಕ್ಷಿಸಿದ ಪಟ್ಟಿಯನ್ನು ಜನವರಿಯಲ್ಲಿ ಪರೀಕ್ಷಿಸಿದ್ದರ ಜೊತೆ ಹೋಲಿಸಲು ಸಾಧ್ಯವಾಗುವುದು ಈ ಸಣ್ಣ ಏರ್ಪಾಡಿನಿಂದ, ಆದ್ದರಿಂದ ಇದನ್ನು ಬಿಡಬೇಡಿ.

ಸ್ಥಿತಿಗಳು

ಬಿಗಿ ತುದಿಗೆ ಹೊಸ, ಒಣ ಪಟ್ಟಿಯನ್ನು ತೆಗೆದುಕೊಂಡು, ಚೆನ್ನಾಗಿ ಒತ್ತಿ, ಮೇಲೆ ಭಾರವಿಟ್ಟು ಒಂದು ವಾರ ಬಿಡಿ. ಪ್ಯಾಕ್ ಮಾಡಿಟ್ಟ ಸಾಮಗ್ರಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಒತ್ತಿಕೊಂಡಿದ್ದಾಗ ಆಗುವುದು ಇದೇ. ಒತ್ತುವುದಕ್ಕೆ ಮರಳು ತುಂಬಿ ಎರಡೂ ಬಾಯಿ ಮುಚ್ಚಿದ ಸುಮಾರು 5 ಕೆ.ಜಿ.ಯ ಪಿವಿಸಿ ಕೊಳವೆಯನ್ನು ಉರುಳೆಯಂತೆ ಬಳಸಿ, ಎಲ್ಲ ಮಾದರಿಗಳ ಮೇಲೂ ಒಂದೇ ಸಂಖ್ಯೆಯ ಸಲ ಉರುಳಿಸಿ. ಬೆರಳಿನಿಂದ ಒತ್ತಿದರೆ ಒಬ್ಬೊಬ್ಬರ ಒತ್ತಡ ಒಂದೊಂದು ಬಗೆಯಾಗಿ ಇಡೀ ಕೆಲಸ ಹಾಳಾಗುತ್ತದೆ.

ಸಡಿಲ ತುದಿ ಒಂದಲ್ಲ, ಹಲವಿವೆ. ಸವೆತಕ್ಕೆ 100, 500, 1,000, 5,000 ಸಲ ಬಿಚ್ಚಿ ಹಾಕಿದ ಮಾದರಿಗಳು ಬೇಕು. ನೀರಿಗೆ ಒಂದು ಗಂಟೆ ನೆನೆಸಿ, ಹನಿ ಝಾಡಿಸಿ, ಒದ್ದೆಯಲ್ಲಿಯೇ ಎಳೆಯಿರಿ. ಕಡಲನೀರಿಗೆ ಮಳೆಗಾಲದಲ್ಲಿ ಅಳಿವೆಯ ಬಳಿಯ ನೀರನ್ನು ತರಬೇಡಿ, ನದಿ ಸೇರಿ ಉಪ್ಪು ತೆಳುವಾಗಿರುತ್ತದೆ. ಲೀಟರಿಗೆ 35 ಗ್ರಾಂ ಉಪ್ಪು ಕಲಸಿದ ನೀರೇ ಪ್ರತಿ ಸಲವೂ ಒಂದೇ ಆಗಿರುತ್ತದೆ. ಅದರಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ ಒಣಗಿಸುತ್ತ ಹೋದರೆ ಕೊಕ್ಕೆಗಳ ಬುಡದಲ್ಲಿ ಹರಳು ಕೂರುತ್ತದೆ, ಹರಳು ಗಾಳಿಯ ತೇವವನ್ನು ಹೀರಿ ಪಟ್ಟಿಯನ್ನು ಸದಾ ಹಸಿಯಾಗಿಡುತ್ತದೆ. ಮರಳಿನ ಪರೀಕ್ಷೆ ಕಡಲತೀರದ ನೆಲದಲ್ಲಿ ಇಳಿಯುವವರಿಗೆ ಅತ್ಯಗತ್ಯ: ತಣ್ಣೀರುಬಾವಿಯ ನುಣುಪು ಮರಳನ್ನು ತೆರೆದ ಕುಣಿಕೆ ಬದಿಯ ಮೇಲೆ ಚೆಲ್ಲಿ, ತಿರುವಿ ತಟ್ಟಿ, ಉಳಿದ ಮರಳಿನೊಂದಿಗೇ ಮುಚ್ಚಿ ಎಳೆಯಿರಿ. ಕೊನೆಗೆ ಹತ್ತಿಯ ಜುಂಗು, ಕೂದಲು ಸಿಕ್ಕಿಕೊಂಡ ಪಟ್ಟಿ. ನೋಡುವುದಕ್ಕೆ ಸಾಧಾರಣವಾದರೂ ಕೊಕ್ಕೆ ಬದಿಯನ್ನು ಕೆಡಿಸುವುದರಲ್ಲಿ ಇದು ಮುಂದು.

ಎಳೆಯುವ ಕ್ರಮ

ಯಂತ್ರವಿದ್ದರೆ ನಿಮಿಷಕ್ಕೆ 305 ಮಿ.ಮೀ. ವೇಗದಲ್ಲಿ ಎಳೆಯಿರಿ, ಅಂದರೆ ಸೆಕೆಂಡಿಗೆ 5 ಮಿ.ಮೀ.ನಷ್ಟು. ಇಲ್ಲದಿದ್ದರೆ ಗಟ್ಟಿ ತೊಲೆಗೆ ಕೊಂಡಿ ಹಾಕಿ, ಒಂದು ಬಾಲವನ್ನು ಅಲ್ಲಿ ಸಿಕ್ಕಿಸಿ, ಇನ್ನೊಂದು ಬಾಲಕ್ಕೆ ಹಗುರ ಬಕೆಟ್ ತೂಗುಹಾಕಿ ತೆಳುವಾಗಿ ನೀರು ಬಿಡಿ. ಬಿಚ್ಚಲು ಆರಂಭಿಸಿದ ಕ್ಷಣದಲ್ಲಿ ನೀರು ನಿಲ್ಲಿಸಿ ಬಕೆಟ್ ತೂಗಿದರೆ, ಕೆ.ಜಿ.ಯನ್ನು 9.81ರಿಂದ ಗುಣಿಸಿ ನ್ಯೂಟನ್ ಪಡೆಯಬಹುದು. ಕೆಳಗೆ ದಪ್ಪ ಗೋಣಿ ಹಾಸಿರಿ, ಪಾದವನ್ನು ದೂರವಿಡಿ. ಜಾರಿಕೆಗೆ ಭಾರ ಬಹಳ ಬೇಕಾಗುವುದರಿಂದ ಬಕೆಟ್ ನೆಲದಿಂದ ಒಂದು ಗೇಣಿಗಿಂತ ಎತ್ತರ ಇರಬಾರದು.

ಮೀನು ತೂಗುವ ಡಿಜಿಟಲ್ ತೂಗುತಕ್ಕಡಿ ದಕ್ಕೆಯ ಸುತ್ತ ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು. ನಿಧಾನದ ಎಳೆತಕ್ಕೆ ಅದು ಸಾಕು, ಜರ್ಕಿಗೆ ಸಾಲದು: ಅದು ಕ್ಷಣಕ್ಷಣದ ಬಲವನ್ನು ಹಿಡಿಯದೆ ಸರಾಸರಿಯನ್ನು ತೋರಿಸುವುದರಿಂದ ನಿಜವಾದ ಶಿಖರ ಕಣ್ಣಿಗೆ ಬೀಳುವುದೇ ಇಲ್ಲ. ಗರಿಷ್ಠ ಅಂಕಿಯಲ್ಲಿ ನಿಲ್ಲುವ ಮುಳ್ಳಿರುವ ಸ್ಪ್ರಿಂಗ್ ತಕ್ಕಡಿ ಜರ್ಕಿನ ಪರೀಕ್ಷೆಗೆ ಉತ್ತಮ. ಸುಲಿತದಲ್ಲಿ ಬಲ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಆರಂಭದ ಶಿಖರವನ್ನೂ ನಡುವಿನ ಸರಾಸರಿಯನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಗಾಳಿಗೆ ತಡೆಯುವುದನ್ನು ಸರಾಸರಿಯಿಂದ, ಕೈಗೆ ಬಿಡುವುದನ್ನು ಶಿಖರದಿಂದ ಅಳೆಯಬೇಕು. ಪಟ್ಟಿ ಬಿಡದೆ ಹೊಲಿಗೆ ಹರಿದರೆ ಅದನ್ನು ಬಲದ ಅಂಕಿಯೆಂದು ಸೇರಿಸದೆ ಹೊಲಿಗೆಯ ದೋಷವೆಂದು ಗುರುತಿಸಿ.

ಅಂಕಿಗಳನ್ನು ಓದುವುದು

ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಒದ್ದೆ, ಸವೆದ ಪಟ್ಟಿಯ ಹತ್ತು ಮಾದರಿಗಳ ಸುಲಿತದ ಸರಾಸರಿ 14 ನ್ಯೂಟನ್, ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 1.5 ಎಂದಿಟ್ಟುಕೊಳ್ಳಿ. ನಮ್ಮ ಕೆಳಗಿನ ಗೆರೆ 11 ಆಗಿರುವುದರಿಂದ ಪಟ್ಟಿ ಗೆದ್ದಂತೆ ಕಾಣುತ್ತದೆ. ಆದರೆ ಸರಾಸರಿಯಿಂದ ವಿಚಲನೆಯ ಮೂರು ಪಟ್ಟನ್ನು ಕಳೆದರೆ ಉಳಿಯುವುದು 9.5, ಈ ಪಟ್ಟಿ ಆ ಜಾಗಕ್ಕೆ ಸಲ್ಲದು. ಬಿಗಿ ತುದಿಯಲ್ಲಿ ಇದೇ ಲೆಕ್ಕವನ್ನು ಕೂಡಿಸಿ ಮಾಡಿ, ಮೇಲಿನ ಗೆರೆಗೆ ಹೋಲಿಸಿ. ಒಂದು ಪಟ್ಟಿ ಎರಡೂ ಗೆರೆಗಳ ನಡುವೆ ನಿಲ್ಲದಿದ್ದರೆ ಅಗಲ ಬದಲಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಒಂದೇ ಒಂದು ಮಾದರಿ ಉಳಿದವುಗಳಿಂದ ತೀರಾ ದೂರ ಬಿದ್ದಾಗ ಅದನ್ನು ಹೊಡೆದುಹಾಕುವ ಆಸೆ ಹುಟ್ಟುತ್ತದೆ. ಹಾಗೆ ಮಾಡುವ ಮೊದಲು ಆ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ ಕಾರಣ ಸಿಕ್ಕಿತೇ ಎಂದು ಪರಿಶೀಲಿಸಿ. ಕಾರಣ ಸಿಗದಿದ್ದರೆ ಅಂಕಿ ದಾಖಲೆಯಲ್ಲಿಯೇ ಇರಲಿ, ಏಕೆಂದರೆ ಆಕಾಶದಲ್ಲಿ ಬಿಚ್ಚಿಕೊಳ್ಳುವುದು ಅಂಥದ್ದೇ ಒಂದು ತುಂಡು.

ಹಾರ್ನೆಸ್ ಮೇಲಿನ ಪರೀಕ್ಷೆ

ಮೇಜಿನ ಮೇಲೆ ಉತ್ತೀರ್ಣವಾದ ಪಟ್ಟಿಯನ್ನು ನಿಜವಾದ ವಸ್ತುವಿಗೆ ಹೊಲಿದು ನೆಲದ ಮೇಲೆ ನೋಡಬೇಕು. ತರಬೇತಿಗೆ ಬಳಸುವ ಹಾರ್ನೆಸ್ ಹಾಕಿದವರನ್ನು ಅನುಭವಿಗಳ ಸಮ್ಮುಖದಲ್ಲಿ, ಪರೀಕ್ಷಿಸಿದ ತೊಲೆಯಿಂದ ಪಾದ ನೆಲಕ್ಕೆ ತಾಗುವಷ್ಟು ಎತ್ತರದಲ್ಲಿ ತೂಗಿಸಿ. ತೂಗಿದಾಗ ಪಟ್ಟಿಗಳು ಮೇಲಕ್ಕೆ ಸರಿಯುತ್ತವೆ, ಕೈ ಹುಡುಕುವ ಜಾಗ ಬದಲಾಗುತ್ತದೆ, ಎಳೆಯುವ ಕೋನವೂ ಬದಲಾಗುತ್ತದೆ. ಸುಲಿತವೆಂದು ಯೋಜಿಸಿದ್ದು ಜಾರಿಕೆಯಾಗಿಬಿಡುವುದು ಬಹುತೇಕ ಈ ಹಂತದಲ್ಲೇ ಬೆಳಕಿಗೆ ಬರುತ್ತದೆ. ಬರಿಗೈ, ಒದ್ದೆ ಕೈ, ಕೈಗವಸು, ದುರ್ಬಲವಾದ ಕೈ ಈ ನಾಲ್ಕರಲ್ಲಿಯೂ ಎಳೆದು ನೋಡಿ. ತಂಡದಲ್ಲಿ ಅತ್ಯಂತ ಕಡಿಮೆ ಬಲವಿರುವವರ ಅಭಿಪ್ರಾಯವೇ ಕೊನೆಯ ಮಾತು.

ಈ ಹಂತದಲ್ಲಿ ಹಗ್ಗಗಳತ್ತಲೂ ಗಮನವಿರಲಿ. ತೆರೆದುಬಿಟ್ಟ ಕೊಕ್ಕೆ ಬದಿಗೆ ಪ್ಯಾರಾಚೂಟಿನ ಸಣ್ಣ ಎಳೆಹಗ್ಗ ಉಜ್ಜಿದರೆ ನಾರು ಎದ್ದು ಹಗ್ಗ ಕ್ಷೀಣಿಸುತ್ತದೆ. ಬ್ರೇಕ್ ಟಾಗಲ್‌ಗಳಲ್ಲಿ ವೆಲ್ಕ್ರೋದ ಬದಲು ಬಟ್ಟೆಯ ನಾಲಿಗೆಯನ್ನು ಜೇಬಿಗೆ ತೂರುವ ವಿನ್ಯಾಸ ಬಂದದ್ದಕ್ಕೆ ಇದೂ ಒಂದು ಕಾರಣ. ನೀವು ಹೊಲಿಯುವ ವಸ್ತುವಿನಲ್ಲಿ ಕೊಕ್ಕೆ ಬದಿ ಹಗ್ಗಗಳ ಕಡೆ ತೆರೆದುಕೊಳ್ಳದಂತೆ, ಬಿಚ್ಚಿದ ಮೇಲೆ ಉಳಿಯುವ ಭಾಗದಲ್ಲಿ ಕುಣಿಕೆ ಬದಿಯೇ ಇರುವಂತೆ ಜೋಡಿಸಿ.

ಬಳಕೆಗೆ ಬಂದ ಮೇಲೆ

ಪರೀಕ್ಷೆಯ ಸುರುಳಿಯಿಂದಲೇ ಕತ್ತರಿಸಿದ ಒಂದು ಜೋಡಿಯನ್ನು ಸಾಮಗ್ರಿಯ ಜೊತೆಗೇ ಇಟ್ಟು, ಅದು ಅನುಭವಿಸುವ ಮಳೆ, ಬಿಸಿಲು, ಉಪ್ಪನ್ನೇ ಇದೂ ಅನುಭವಿಸುವಂತೆ ಮಾಡಿ. ಮಳೆಗಾಲದ ಮುನ್ನವೂ ನಂತರವೂ ಅದನ್ನು ಎಳೆದು ಅಳೆಯಿರಿ. ಕಡಲನೀರು ತಾಗಿದರೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಜುಂಗನ್ನು ಬಿರುಸು ಬ್ರಷ್ಷಿನಿಂದ ತೆಗೆಯಿರಿ, ಬ್ಲೇಡಿನಿಂದ ಕೆರೆಯಬೇಡಿ, ಇಸ್ತ್ರಿ ತಾಗಿಸಬೇಡಿ. ಅಳತೆ ಕೆಳಗಿನ ಗೆರೆಯ ಹತ್ತಿರ ಬಂದ ತಕ್ಷಣ ಎರಡೂ ಬದಿಯ ಪಟ್ಟಿಗಳನ್ನು ಬಿಚ್ಚಿಸಿ ಹೊಸದನ್ನು ಹೊಲಿಸಿ. ಕೊಕ್ಕೆಯನ್ನು ಮಾತ್ರ ಹೊಸದು ಮಾಡಿ ಹಳೆಯ ಕುಣಿಕೆಯನ್ನು ಉಳಿಸಿಕೊಂಡರೆ ನೀವು ಪರೀಕ್ಷಿಸದೇ ಇದ್ದ ಮೂರನೆಯ ಜೋಡಿಯೊಂದು ಸಾಮಗ್ರಿಯಲ್ಲಿ ಕೂತಂತಾಗುತ್ತದೆ. ಬದಲಿಸಿದ ದಿನಾಂಕ, ಸುರುಳಿಯ ಸಂಖ್ಯೆ, ಕೊನೆಯ ಅಳತೆ ಈ ಮೂರನ್ನೂ ಪ್ಯಾಕಿಂಗ್ ಚೀಟಿಯ ಜೊತೆಗೆ ಬರೆದಿಟ್ಟು, ಮುಂದಿನ ಬಾರಿ ರಿಗ್ಗರ್ ಸಾಮಗ್ರಿಯನ್ನು ತೆರೆದಾಗ ಅವರ ಕೈಗೆ ಕೊಡಿ.